ಬೀಗ ಹಾಕಲು ಹೇಳಿಕೊಟ್ಟಿರಿ, ತೆಗೆಯುವುದನ್ನೂ ಹೇಳಿಕೊಡಿ

ಮಾನ್ಯ ಸಂಪಾದಕರೇ,

ಲ್ಯಾಪ್‌ಟಾಪ್ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟುಕೊಳ್ಳಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಬೀಗ ಹಾಕಿಡಿ ಎಂದು ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಲೇಖನ ಬಂದಿತ್ತು. ಚೆನ್ನಾಗಿತ್ತು. ಕಳುವಾದ ಲ್ಯಾಪ್‌ಟಾಪ್‌ನಿಂದ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಬರೀ ಲಾಗಿನ್ ಪಾಸ್‌ವರ್ಡ್ ಏನೂ ಕಾಯುವುದಿಲ್ಲ ಎಂದು ಬರೆದದ್ದು ನೂರಕ್ಕೆ ನೂರು ನಿಜ. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಸಾಲಿತ್ತು: ಮುಂದೆ ಏನಾದರೂ ತೊಂದರೆಯಾದರೆ ಪರಿಣತರ ಬಳಿ ಒಯ್ಯಿರಿ, ತೆರೆದುಕೊಡುತ್ತಾರೆ ಅಂತ. ಆ ಪರಿಣತರಲ್ಲಿ ನಾನೂ ಒಬ್ಬ. ಕೆಟ್ಟ ಕಂಪ್ಯೂಟರ್‌ಗಳಿಂದ ಫೈಲ್ ತೆಗೆದುಕೊಡುವುದೇ ನನ್ನ ಹೊಟ್ಟೆಪಾಡು. ಪಾಸ್‌ವರ್ಡ್ ಇಲ್ಲದಿದ್ದರೆ ನಾನು ತೆರೆಯಲಾರೆ. ತೀರಾ ಸುಲಭದ ಪಾಸ್‌ವರ್ಡ್ ಇಟ್ಟು ಯಾರೋ ಊಹಿಸಿದರೆ ಬೇರೆ ಮಾತು, ಇಲ್ಲದಿದ್ದರೆ ಯಾರೂ ತೆರೆಯಲಾರರು. ತೆರೆಯುವ ಹಾಗಿದ್ದರೆ ಎನ್‌ಕ್ರಿಪ್ಟ್ ಮಾಡಿ ಏನು ಬಂತು, ಅಲ್ವಾ? ದಯವಿಟ್ಟು ಆ ಸಾಲಿಗೊಂದು ತಿದ್ದುಪಡಿ ಹಾಕಿ.

ಪತ್ರ ಬರೆಯಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನನ್ನ ಮೇಜಿಗೆ ಬರುವ ಎನ್‌ಕ್ರಿಪ್ಟ್ ಆದ ಡಿಸ್ಕ್‌ಗಳಲ್ಲಿ ಬಹಳಷ್ಟರ ಪಾಸ್‌ವರ್ಡ್ ಅವುಗಳ ಮಾಲೀಕರಿಗೆ ಗೊತ್ತೇ ಇರುತ್ತದೆ. ಡಿಸ್ಕೂ ಗಟ್ಟಿಮುಟ್ಟಾಗಿರುತ್ತದೆ. ಸತ್ತಿರುವುದು ಮದರ್‌ಬೋರ್ಡ್. ಅಥವಾ ಯಾವುದೋ ಅಪ್‌ಡೇಟ್ ಅರ್ಧಕ್ಕೆ ನಿಂತು ಕಂಪ್ಯೂಟರ್ ಏಳುತ್ತಿಲ್ಲ, ಅಷ್ಟೇ. ದಿನಾ ಪಾಸ್‌ವರ್ಡ್ ಕೇಳುತ್ತಿದ್ದ ಆ ಪರದೆ ಬಾರದೇ ಹೋದಾಗ ಅದೇ ಪಾಸ್‌ವರ್ಡನ್ನು ಎಲ್ಲಿ ಕೊಡಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಬೀಗ ಹಾಕುವುದನ್ನು ಎಲ್ಲ ಪತ್ರಿಕೆಗಳೂ ಹೇಳುತ್ತವೆ. ಕಪ್ಪು ಪರದೆಯಲ್ಲಿ ಕಮಾಂಡ್ ಕೊಟ್ಟು ಬೀಗ ತೆಗೆಯುವುದನ್ನು ಯಾರೂ ಹೇಳುವುದಿಲ್ಲ. ಅದು ಐದು ನಿಮಿಷದ ಕೆಲಸ.

ಒಂದು ಉದಾಹರಣೆ ಕೊಡುತ್ತೇನೆ. ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಲಿನಕ್ಸ್ ಹಾಕಿದ್ದ ಲ್ಯಾಪ್‌ಟಾಪ್ ಹೋಯಿತೆಂದು ಅದರ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿಸಿಕೊಂಡಿದ್ದಳು. ಅದನ್ನು ಗೆಳತಿಯ ವಿಂಡೋಸ್ ಕಂಪ್ಯೂಟರ್‌ಗೆ ಚುಚ್ಚಿದ್ದಾಳೆ. ಚುಚ್ಚಿದ ತಕ್ಷಣ ಒಂದು ಪೆಟ್ಟಿಗೆ ಎದ್ದು ಬಂತು: ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಪುಣ್ಯಕ್ಕೆ ಅವಳು ಕ್ಯಾನ್ಸಲ್ ಒತ್ತಿದಳು. ಎಷ್ಟೋ ಜನ ಒತ್ತುವುದಿಲ್ಲ. ಕಂಪ್ಯೂಟರೇ ಕೇಳುತ್ತಿದೆ, ಮಾಡಬೇಕಾಗಿರಬಹುದು ಎಂದು ಸುಮ್ನೆ ಓಕೆ ಅನ್ನುತ್ತಾರೆ. ವಿಂಡೋಸ್‌ನದ್ದು ಸುಳ್ಳಲ್ಲ, ಪಾಪ. ಲಿನಕ್ಸ್‌ನ ಬೀಗ ಅದಕ್ಕೆ ಅರ್ಥವಾಗುವುದಿಲ್ಲ, ಅರ್ಥವಾಗದ ಡಿಸ್ಕೆಲ್ಲ ಅದರ ಕಣ್ಣಿಗೆ ಖಾಲಿ ಡಿಸ್ಕ್. ನಿಮ್ಮ ಲೇಖನದಲ್ಲಿ ಒಂದೇ ಒಂದು ಎಚ್ಚರಿಕೆಗೆ ಜಾಗ ಇದ್ದಿದ್ದರೆ ಈ ಪೆಟ್ಟಿಗೆಯ ಬಗ್ಗೆ ಬರೆಯಬೇಕಿತ್ತು.

ಸರಿ, ಈಗ ತೆರೆಯುವ ಕೆಲಸ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು. ಲಕ್ಸ್ ಎಂದು ಶುರುವಾಗುವ ಪದಗಳಲ್ಲಿ ಮಾತ್ರ ಲಕ್ಸ್ ಆದ ಮೇಲೆ ಬರುವ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು. ಲಿನಕ್ಸ್ ಕಮಾಂಡ್‌ನ ಆರಂಭದಲ್ಲಿ ಸುಡೊ ಸೇರಿಸಬೇಕು, ಯಾಕೆಂದರೆ ಇದೆಲ್ಲ ಅಡ್ಮಿನ್ ಕೆಲಸ.

ಮೊದಲು ಲಿನಕ್ಸ್ ಇರುವ ಯಾವುದಾದರೂ ಕಂಪ್ಯೂಟರ್ ಬೇಕು. ಇಲ್ಲದಿದ್ದರೆ ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ನಡೆಯುತ್ತದೆ. ಡಿಸ್ಕ್ ಸಿಕ್ಕಿಸಿ, ಟರ್ಮಿನಲ್ ತೆರೆದು, ಎಲ್‌ಎಸ್‌ಬಿಎಲ್‌ಕೆ ಎಂದು ಹೊಡೆದು, ಒಂದು ಜಾಗ ಬಿಟ್ಟು ಹೈಫನ್ ಎಫ್ ಸೇರಿಸಿ. ಕಂಪ್ಯೂಟರ್‌ನಲ್ಲಿರುವ ಡಿಸ್ಕು, ಅದನ್ನು ಭಾಗ ಮಾಡಿದ ಪಾರ್ಟಿಷನ್ನು ಎಲ್ಲ ಮರದ ಕೊಂಬೆಯಂತೆ ಕಾಣಿಸುತ್ತವೆ. ಯಾವ ಸಾಲಿನಲ್ಲಿ ‘ಕ್ರಿಪ್ಟೊ ಲಕ್ಸ್’ ಎಂದಿದೆಯೋ ಅದೇ ನಮ್ಮ ಪಾರ್ಟಿಷನ್. ಲಕ್ಸ್ ಎಂಬುದು ಲಿನಕ್ಸ್‌ನ ಬೀಗದ ಹೆಸರು. ಆ ಹುಡುಗಿಯ ಡಿಸ್ಕ್‌ನಲ್ಲಿ ಅದು ಎಸ್‌ಡಿಬಿ3 ಆಗಿತ್ತು. ಮೊದಲ ಎರಡು ಸಣ್ಣ ಪಾರ್ಟಿಷನ್‌ಗಳು ಬೂಟ್‌ಗೆ ಇರುವಂಥವು. ಅವಕ್ಕೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ.

ಇಲ್ಲಿ ಜನ ಮಾಡುವುದೇನು ಗೊತ್ತಾ? ನೇರವಾಗಿ ಮೌಂಟ್ ಕಮಾಂಡ್ ಕೊಡುತ್ತಾರೆ, ಅಂದರೆ ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸಲು ಹೋಗುತ್ತಾರೆ. ‘ಅನ್‌ನೋನ್ ಫೈಲ್‌ಸಿಸ್ಟಮ್ ಟೈಪ್ ಕ್ರಿಪ್ಟೊ ಲಕ್ಸ್’ ಎಂದು ಬೈಗುಳ ಬರುತ್ತದೆ. ಅಯ್ಯೋ, ಡಿಸ್ಕ್ ಹೋಯಿತು ಎಂದು ಕೈಚೆಲ್ಲುತ್ತಾರೆ. ಹೋಗಿಲ್ಲ. ಬೀಗ ತೆಗೆಯದೆ ಒಳಗೆ ಹೋಗಲು ನೋಡಿದಿರಿ, ಅಷ್ಟೇ. ಇನ್ನು ಕೆಲವರು ಇದೇ ಹಂತದಲ್ಲಿ ಎಫ್‌ಎಸ್‌ಸಿಕೆ ಓಡಿಸಿ ರಿಪೇರಿಗೆ ಕೂರುತ್ತಾರೆ. ಬೇಡವೇ ಬೇಡ. ರಿಪೇರಿ ಬೇಕಾದರೂ ಅದು ಬೀಗ ತೆಗೆದ ಮೇಲೆ ಒಳಗಿನ ಫೈಲ್‌ಸಿಸ್ಟಮ್‌ಗೆ, ಅಂದರೆ ಫೈಲ್‌ಗಳನ್ನು ಜೋಡಿಸಿಟ್ಟಿರುವ ವ್ಯವಸ್ಥೆಗೆ ಮಾಡುವ ಕೆಲಸ, ಹೊರಗಿನ ಪಾರ್ಟಿಷನ್‌ಗಲ್ಲ.

ಬೀಗ ತೆಗೆಯುವ ಕಮಾಂಡ್ ಇದು: ಕ್ರಿಪ್ಟ್‌ಸೆಟಪ್, ಓಪನ್, ಆಮೇಲೆ ಪಾರ್ಟಿಷನ್ನಿನ ದಾರಿ, ಅಂದರೆ ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಸ್‌ಡಿಬಿ3, ಕೊನೆಗೆ ನೀವೇ ಕೊಡುವ ಒಂದು ಹೆಸರು. ಹೆಸರು ಏನಾದರೂ ಆಗಬಹುದು. ನಾನು ‘ಹಳೇದು’ ಎಂದು ಕೊಡುತ್ತೇನೆ. ಹಳೆಯ ಪುಸ್ತಕಗಳಲ್ಲಿ ಓಪನ್ ಬದಲು ಲಕ್ಸ್‌ಓಪನ್ ಎಂದು ಇರುತ್ತದೆ. ಎರಡೂ ಒಂದೇ.

ಈಗ ಪಾಸ್‌ಫ್ರೇಸ್, ಅಂದರೆ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಚುಕ್ಕಿ ಇಲ್ಲ, ನಕ್ಷತ್ರ ಇಲ್ಲ. ಆ ಹುಡುಗಿ ಕೀಬೋರ್ಡ್ ಕೆಟ್ಟಿದೆ ಎಂದುಕೊಂಡು ಎರಡು ಸಲ ನಿಲ್ಲಿಸಿದಳು. ಕೆಟ್ಟಿಲ್ಲ, ಹೊಡೆಯುತ್ತಾ ಹೋಗಿ, ಎಂಟರ್ ಒತ್ತಿ. ಆಮೇಲೆ ಒಂದೆರಡು ಸೆಕೆಂಡ್ ಸುಮ್ಮನಿರುತ್ತದೆ. ಅದು ಬೇಕೆಂದೇ ಮಾಡಿರುವ ವಿಳಂಬ. ಬೀಗ ಹಾಕುವಾಗ ಆ ಕಂಪ್ಯೂಟರ್‌ನ ವೇಗ ಅಳೆದು, ಒಂದು ಪಾಸ್‌ವರ್ಡ್ ಪರೀಕ್ಷೆಗೆ ಸುಮಾರು 2 ಸೆಕೆಂಡ್ ಹಿಡಿಯುವಂತೆ ಲೆಕ್ಕ ಹಾಕಿರುತ್ತದೆ. ನಿಮಗೆ 2 ಸೆಕೆಂಡ್ ಏನೂ ಅಲ್ಲ. ಕೋಟಿಗಟ್ಟಲೆ ಪಾಸ್‌ವರ್ಡ್ ಹಾಕಿ ನೋಡುವ ಕಳ್ಳನಿಗೆ ಅದು ದೊಡ್ಡ ಗೋಡೆ. ಹೊಸ ಲಕ್ಸ್ 2ರಲ್ಲಿ ಈ ಲೆಕ್ಕಕ್ಕೆ ಆರ್ಗಾನ್2 ಎಂಬ ವಿಧಾನ ಬಳಸುತ್ತಾರೆ. ಅದು ಮೆಮೊರಿಯನ್ನೂ ಜಾಸ್ತಿ ತಿನ್ನುತ್ತದೆ, ಒಂದು ಜಿಬಿವರೆಗೂ ಹೋಗಬಹುದು. ಹಾಗಾಗಿ ಮೆಮೊರಿ ಕಡಿಮೆ ಇರುವ ಹಳೆಯ ಕಂಪ್ಯೂಟರ್‌ನಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತೆರೆಯದೇ ಇರಬಹುದು. ಆಗ ಪಾಸ್‌ವರ್ಡ್ ಮೇಲೆ ಅನುಮಾನ ಪಡಬೇಡಿ, ಕಂಪ್ಯೂಟರ್ ಬದಲಿಸಿ ನೋಡಿ.

ತಪ್ಪಿದ್ದರೆ ‘ನೋ ಕೀ ಅವೈಲಬಲ್ ವಿತ್ ದಿಸ್ ಪಾಸ್‌ಫ್ರೇಸ್’ ಎನ್ನುತ್ತದೆ. ಅವಳಿಗೂ ಹಾಗೇ ಬಂತು. ಅಳುಮುಖ ಮಾಡಿಕೊಂಡಳು. ನನಗೆ ಮೊದಲು ಅನುಮಾನ ಬರುವುದು ಕೀಬೋರ್ಡ್ ಲೇಔಟ್ ಮೇಲೆ. ಪೆನ್‌ಡ್ರೈವ್‌ನಿಂದ ಎದ್ದ ಲಿನಕ್ಸ್ ಸಾಮಾನ್ಯವಾಗಿ ಅಮೆರಿಕನ್ ಲೇಔಟ್‌ನಲ್ಲಿರುತ್ತದೆ. ಹಳೆಯ ಲ್ಯಾಪ್‌ಟಾಪ್ ಬ್ರಿಟಿಷ್ ಲೇಔಟ್‌ನಲ್ಲಿದ್ದರೆ ಇಮೇಲ್ ವಿಳಾಸದಲ್ಲಿ ಬರುವ ‘ಅಟ್’ ಚಿಹ್ನೆಯೂ ಜೋಡಿ ಉದ್ಧರಣ ಚಿಹ್ನೆಯೂ ಅದಲುಬದಲಾಗಿರುತ್ತವೆ. ಕಣ್ಣಿಗೆ ಕಾಣದೆ ಟೈಪ್ ಮಾಡುತ್ತಿರುವುದರಿಂದ ಇದು ಗೊತ್ತೇ ಆಗುವುದಿಲ್ಲ. ಪಾಸ್‌ವರ್ಡ್‌ನಲ್ಲಿರುವ ಚಿಹ್ನೆಗಳನ್ನಷ್ಟೇ ಒಂದು ಖಾಲಿ ಎಡಿಟರ್‌ನಲ್ಲಿ ಹೊಡೆದು ನೋಡು ಎಂದೆ. ನೋಡಿದಳು, ‘ಓ’ ಅಂದಳು. ಲೇಔಟ್ ಬದಲಿಸಿದ ಮೇಲೆ ಕಮಾಂಡ್ ಏನೂ ಹೇಳದೆ ಹೊಸ ಸಾಲಿಗೆ ಬಂದು ನಿಂತಿತು. ಲಿನಕ್ಸ್‌ನಲ್ಲಿ ಏನೂ ಹೇಳಲಿಲ್ಲ ಎಂದರೆ ಕೆಲಸ ಆಗಿದೆ ಎಂದರ್ಥ.

ಬೀಗ ತೆಗೆದರೂ ಫೈಲ್‌ಗಳು ಇನ್ನೂ ಕಾಣುವುದಿಲ್ಲ. ಸ್ಲ್ಯಾಶ್ ಡೆವ್ ಸ್ಲ್ಯಾಶ್ ಮ್ಯಾಪರ್ ಎಂಬ ಜಾಗದಲ್ಲಿ ನೀವು ಕೊಟ್ಟ ಹೆಸರಿನ ಹೊಸದೊಂದು ಡಿಸ್ಕ್ ಹುಟ್ಟಿಕೊಂಡಿರುತ್ತದೆ. ಅದನ್ನು ಮೌಂಟ್ ಮಾಡಬೇಕು. ಎಂಎನ್‌ಟಿ ಫೋಲ್ಡರ್ ಖಾಲಿ ಇರುತ್ತದಲ್ಲ, ಅಲ್ಲಿಗೇ ಮಾಡಿ. ಮೌಂಟ್, ಮ್ಯಾಪರ್ ದಾರಿ, ಸ್ಲ್ಯಾಶ್ ಎಂಎನ್‌ಟಿ, ಮುಗಿಯಿತು. ಬರೆಯುವುದು ಬೇಡ, ಬರೀ ಕಾಪಿ ಮಾಡಿಕೊಂಡರೆ ಸಾಕು ಎನ್ನುವವರು ಹೈಫನ್ ಓ ಆರ್‌ಒ ಸೇರಿಸಿ. ನಾನು ಯಾವಾಗಲೂ ಹೀಗೇ ಮಾಡುವುದು.

ಕೆಲವು ಲಿನಕ್ಸ್‌ಗಳಲ್ಲಿ ಇಲ್ಲೂ ಒಂದು ಗಂಟಿರುತ್ತದೆ. ಬೀಗದ ಒಳಗೆ ಎಲ್‌ವಿಎಂ ಎಂಬ ಇನ್ನೊಂದು ಪದರ ಹಾಕಿರುತ್ತಾರೆ. ಮೌಂಟ್ ಮಾಡಲು ಹೋದರೆ ‘ಎಲ್‌ವಿಎಂ2 ಮೆಂಬರ್’ ಎಂಬ ಟೈಪ್ ಗೊತ್ತಿಲ್ಲ ಎನ್ನುತ್ತದೆ. ಆಗ ವಿಜಿಚೇಂಜ್ ಕಮಾಂಡ್‌ಗೆ ಹೈಫನ್ ಎವೈ ಸೇರಿಸಿ ಕೊಟ್ಟರೆ ಒಳಗಿನ ವಾಲ್ಯೂಮ್‌ಗಳು ಎದ್ದು ಬರುತ್ತವೆ. ಮತ್ತೆ ಎಲ್‌ಎಸ್‌ಬಿಎಲ್‌ಕೆ ಹೊಡೆದು ನೋಡಿದರೆ ಫೈಲ್‌ಗಳಿರುವ ರೂಟ್ ಯಾವುದು, ಮೆಮೊರಿಗೆ ನೆರವಾಗುವ ಸ್ವಾಪ್ ಯಾವುದು ತಿಳಿಯುತ್ತದೆ. ಫೆಡೋರಾ ಎಂಬ ಲಿನಕ್ಸ್‌ನಲ್ಲಿ 2020ರಿಂದ ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಬಂದಿದೆ. ಅಲ್ಲಿ ಮೌಂಟ್ ಮಾಡಿದರೆ ರೂಟ್, ಹೋಮ್ ಎಂಬ ಫೋಲ್ಡರ್‌ಗಳು ಕಾಣುತ್ತವೆ, ನಿಮ್ಮ ಫೈಲ್ ಹೋಮ್ ಒಳಗಿರುತ್ತದೆ. ಫೋಲ್ಡರ್ ಕಂಡರೂ ‘ಪರ್ಮಿಷನ್ ಡಿನೈಡ್’ ಬಂದರೆ ಅದಕ್ಕೂ ಎನ್‌ಕ್ರಿಪ್ಷನ್‌ಗೂ ಸಂಬಂಧವಿಲ್ಲ. ಫೈಲ್‌ಗಳು ಹಳೆಯ ಕಂಪ್ಯೂಟರ್‌ನ ಬಳಕೆದಾರರ ಹೆಸರಿನಲ್ಲಿವೆ, ಸುಡೊ ಹಾಕಿ ಕಾಪಿ ಮಾಡಿ.

ಕೆಲಸ ಮುಗಿದ ಮೇಲೆ ಎಳೆದು ಕಿತ್ತುಬಿಡಬೇಡಿ. ಮೊದಲು ಯುಮೌಂಟ್. ಗಮನಿಸಿ, ಆ ಕಮಾಂಡ್‌ನಲ್ಲಿ ‘ಯು’ ಆದ ಮೇಲೆ ‘ಎನ್’ ಅಕ್ಷರ ಇಲ್ಲ. ಆಮೇಲೆ ಕ್ರಿಪ್ಟ್‌ಸೆಟಪ್ ಕ್ಲೋಸ್, ಮುಂದೆ ನೀವು ಕೊಟ್ಟ ಹೆಸರು. ಎಲ್‌ವಿಎಂ ಇದ್ದರೆ ನಡುವೆ ವಿಜಿಚೇಂಜ್ ಹೈಫನ್ ಎಎನ್ ಕೊಟ್ಟು ಅದನ್ನೂ ಮಲಗಿಸಬೇಕು. ‘ಟಾರ್ಗೆಟ್ ಈಸ್ ಬಿಜಿ’ ಎಂದರೆ ಯಾರೋ ಒಳಗೆ ಕೂತಿದ್ದಾರೆ ಎಂದರ್ಥ. ಎಷ್ಟೋ ಸಲ ಒಳಗೆ ಕೂತಿರುವುದು ನಿಮ್ಮದೇ ಟರ್ಮಿನಲ್, ಅದೇ ಫೋಲ್ಡರ್‌ನಲ್ಲಿ ನಿಂತುಕೊಂಡು ಬಿಜಿ ಯಾರು ಎಂದು ಹುಡುಕುತ್ತಿರುತ್ತೀರಿ. ಸಿಡಿ ಎಂಬ ಕಮಾಂಡ್ ಹೊಡೆದು ಹೊರಗೆ ಬನ್ನಿ. ಕ್ಲೋಸ್ ಮಾಡುವವರೆಗೂ ಕೀ ಕಂಪ್ಯೂಟರ್‌ನ ಮೆಮೊರಿಯಲ್ಲೇ ಇರುತ್ತದೆ. ಮೆಮೊರಿ ಚಿಪ್ ತಣ್ಣಗಿದ್ದರೆ ಪವರ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅದರಿಂದ ಕೀ ಓದಬಹುದು ಎಂದು 2008ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು ತೋರಿಸಿದ್ದಾರೆ.

ಸುಡೊ, ಮ್ಯಾಪರ್ ಎಲ್ಲ ತಲೆನೋವು ಎನ್ನುವವರಿಗೆ ಯುಡಿಸ್ಕ್ಸ್‌ಸಿಟಿಎಲ್ ಇದೆ. ಅದಕ್ಕೆ ಅನ್‌ಲಾಕ್ ಹೈಫನ್ ಬಿ ಎಂದು ಹೇಳಿ ಪಾರ್ಟಿಷನ್ ತೋರಿಸಿದರೆ ಬೀಗ ತೆಗೆದು ಹೊಸ ಡಿಸ್ಕ್‌ನ ಹೆಸರನ್ನು ತಾನೇ ಹೇಳುತ್ತದೆ. ಮೌಂಟ್ ಅಂದರೆ ಫೋಲ್ಡರನ್ನೂ ತಾನೇ ಮಾಡಿಕೊಳ್ಳುತ್ತದೆ. ಯುಎಸ್‌ಬಿ ಡಿಸ್ಕ್‌ಗಳಿಗೆ ಇದೇ ಸಲೀಸು.

ಇನ್ನು ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ಸಂಪಾದಕರೇ, ಇದನ್ನಾದರೂ ದಪ್ಪ ಅಕ್ಷರದಲ್ಲಿ ಹಾಕಿ. ನಿಮ್ಮ ಪಾಸ್‌ವರ್ಡ್ ನೇರವಾಗಿ ಡಿಸ್ಕನ್ನು ತೆರೆಯುವುದಿಲ್ಲ. ಅದು ಬೀರುವಿನ ಕೀ ಅಲ್ಲ, ಬೀರುವಿನ ಕೀ ಇಟ್ಟಿರುವ ಸಣ್ಣ ಡಬ್ಬಿಯ ಕೀ. ಆ ಡಬ್ಬಿ ಇರುವುದು ಪಾರ್ಟಿಷನ್ನಿನ ಆರಂಭದಲ್ಲಿ, ಅದಕ್ಕೆ ಹೆಡರ್ ಎನ್ನುತ್ತಾರೆ. ಲಕ್ಸ್ 2ರಲ್ಲಿ ಸಾಮಾನ್ಯವಾಗಿ 16 ಎಂಬಿ. ಒಂದು ಟಿಬಿ ಡಿಸ್ಕ್‌ನಲ್ಲಿ ಈ 16 ಎಂಬಿಯೊಳಗಿನ ಕೀ ಸ್ಲಾಟ್, ಅಂದರೆ ಆ ಕೀ ಇಟ್ಟಿರುವ ಜಾಗ ಹಾಳಾದರೆ ಉಳಿದದ್ದೆಲ್ಲ ಬರೀ ಕಸ. ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಏನೂ ಮಾಡಲಾಗದು. ಲಕ್ಸ್ 2 ತನ್ನ ವಿವರಗಳ ಎರಡನೇ ಪ್ರತಿ ಇಟ್ಟುಕೊಳ್ಳುತ್ತದೆ ನಿಜ, ಆದರೆ ಕೀ ಸ್ಲಾಟ್‌ಗಳಿಗೆ ಎರಡನೇ ಪ್ರತಿ ಇಲ್ಲ. ವಿಂಡೋಸ್‌ನ ಆ ಫಾರ್ಮ್ಯಾಟ್ ಪೆಟ್ಟಿಗೆಗೆ ನಾನು ಹೆದರುವುದು ಇದಕ್ಕೇ. ಅದು ಬರೆಯಲು ಶುರುಮಾಡುವುದೇ ಪಾರ್ಟಿಷನ್ನಿನ ತಲೆಯಿಂದ.

ಇದಕ್ಕೆ ಪರಿಹಾರ ಒಂದೇ ಸಾಲಿನದು. ಕ್ರಿಪ್ಟ್‌ಸೆಟಪ್ ಲಕ್ಸ್‌ಹೆಡರ್‌ಬ್ಯಾಕಪ್, ಪಾರ್ಟಿಷನ್ನಿನ ದಾರಿ, ಆಮೇಲೆ ಹೆಡರ್ ಬ್ಯಾಕಪ್ ಫೈಲ್ ಎಂಬ ಆಯ್ಕೆಯ ಮುಂದೆ ಫೈಲ್‌ನ ಹೆಸರು. ಕ್ಷಣದಲ್ಲಿ 16 ಎಂಬಿ ಫೈಲ್ ಸಿಗುತ್ತದೆ. ಅದನ್ನು ಬೇರೆ ಕಡೆ ಇಡಿ, ಅದೇ ಡಿಸ್ಕ್‌ನೊಳಗಲ್ಲ. ಆದರೆ ಒಂದು ಕಿವಿಮಾತು. ಹಳೆಯ ಪಾಸ್‌ವರ್ಡ್ ಯಾರಿಗೋ ಗೊತ್ತಾಯಿತೆಂದು ಬದಲಿಸಿದಿರಿ ಅಂದುಕೊಳ್ಳಿ. ಹಳೆಯ ಹೆಡರ್ ಪ್ರತಿ ಅವರ ಕೈಗೆ ಸಿಕ್ಕಿದರೆ ಹಳೆಯ ಪಾಸ್‌ವರ್ಡ್‌ನಿಂದಲೇ ಇವತ್ತಿನ ಡಿಸ್ಕ್ ತೆರೆಯುತ್ತದೆ. ಪಾಸ್‌ವರ್ಡ್ ಬದಲಿಸಿದಾಗ ಹೊಸ ಪ್ರತಿ ತೆಗೆದು ಹಳೆಯದನ್ನು ಅಳಿಸಿ. ಹಾಗೆಯೇ ಲಕ್ಸ್‌ಆಡ್‌ಕೀ ಕೊಟ್ಟು ಎರಡನೆಯ ಪಾಸ್‌ವರ್ಡ್ ಸೇರಿಸಬಹುದು. ಲಕ್ಸ್ 1ರಲ್ಲಿ 8, ಲಕ್ಸ್ 2ರಲ್ಲಿ 32ರವರೆಗೆ ಜಾಗ ಇದೆ. ಒಂದನ್ನು ಕಾಗದದ ಮೇಲೆ ಬರೆದು ಭದ್ರವಾಗಿಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ನಿಮ್ಮ ಓದುಗರಲ್ಲಿ ಹೆಚ್ಚಿನವರು ವಿಂಡೋಸ್‌ನವರೇ ಇರುತ್ತಾರೆ, ನನಗೂ ಗೊತ್ತು. ಅವರಿಗೆ ಒಂದು ಮಾತು. ನಿಮ್ಮ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಎಂಬುದೇ ನಿಮಗೆ ಗೊತ್ತಿಲ್ಲದಿರಬಹುದು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಬಹುತೇಕ ಕಂಪ್ಯೂಟರ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗುತ್ತದೆ. ದಿನಾ ಏನೂ ಕೇಳುವುದಿಲ್ಲ, ಯಾಕೆಂದರೆ ಕೀ ಕಾಯುವ ಕೆಲಸ ಟಿಪಿಎಂ ಎಂಬ ಭಾಗದ್ದು, ಅದು ಇರುವುದು ಆ ಕಂಪ್ಯೂಟರ್‌ನಲ್ಲೇ. ಬೋರ್ಡ್ ಸತ್ತರೆ ಅದೂ ಹೋಯಿತು. ಆಮೇಲೆ ಡಿಸ್ಕ್ ತೆರೆಯಲು 48 ಅಂಕಿಯ ರಿಕವರಿ ಕೀ ಬೇಕು. ಕಂಪ್ಯೂಟರ್ ಸರಿ ಇರುವಾಗಲೇ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದು ಮ್ಯಾನೇಜ್ ಹೈಫನ್ ಬಿಡಿಇ, ಹೈಫನ್ ಪ್ರೊಟೆಕ್ಟರ್ಸ್, ಹೈಫನ್ ಗೆಟ್, ಸಿ ಕೋಲನ್ ಎಂದು ಹೊಡೆಯಿರಿ. ಆರಾರು ಅಂಕಿಯ 8 ಗುಂಪು ಕಂಡರೆ ಬರೆದಿಟ್ಟುಕೊಳ್ಳಿ. ಆ ಕೀ ಇದ್ದರೆ ಲಿನಕ್ಸ್‌ನಲ್ಲೂ ತೆರೆಯಬಹುದು. ಕ್ರಿಪ್ಟ್‌ಸೆಟಪ್ 2020ರ 2.3ನೇ ಆವೃತ್ತಿಯಿಂದ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಹಾಕಿದ ಡಿಸ್ಕನ್ನೂ ತೆರೆಯುತ್ತದೆ. ಟೈಪ್ ಬಿಐಟಿಎಲ್‌ಕೆ ಎಂದು ಹೇಳಬೇಕು, ಮಿಕ್ಕಿದ್ದೆಲ್ಲ ಮೇಲೆ ಬರೆದಂತೆಯೇ.

ಲಕ್ಸ್ ಒಂದು ಕಂಪನಿಯ ಗುಟ್ಟಾಗಿದ್ದರೆ ಈ ಪತ್ರವನ್ನು ನಾನು ಬರೆಯುತ್ತಲೇ ಇರಲಿಲ್ಲ. 2004ರಲ್ಲಿ ಕ್ಲೆಮೆನ್ಸ್ ಫ್ರುವಿರ್ಟ್ ಅದನ್ನು ರೂಪಿಸಿದಾಗ ಡಿಸ್ಕ್‌ನ ಮೇಲೆ ಎಲ್ಲಿ ಏನಿರಬೇಕು ಎಂಬುದನ್ನೆಲ್ಲ ಬಹಿರಂಗವಾಗಿ ಬರೆದಿಟ್ಟರು. ಆದ್ದರಿಂದಲೇ ಒಂದು ಲಿನಕ್ಸ್‌ನಲ್ಲಿ ಹಾಕಿದ ಬೀಗ ಇನ್ನೊಂದರಲ್ಲಿ ತೆರೆಯುತ್ತದೆ. ಹಳೆಯ ಲಕ್ಸ್ 1 ಡಿಸ್ಕನ್ನು ಇವತ್ತಿನ ಕ್ರಿಪ್ಟ್‌ಸೆಟಪ್ ಕೂಡ ತಕರಾರಿಲ್ಲದೆ ತೆರೆಯುತ್ತದೆ.

ರಿಪೇರಿಯವರ ಬಳಿ ಹೋಗುವವರಿಗೂ ಒಂದೆರಡು ಮಾತು. ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಡಬೇಡಿ, ನನಗೂ ಕೊಡಬೇಡಿ. ನಿಮ್ಮ ಕೈಯಲ್ಲೇ ಟೈಪ್ ಮಾಡಿ, ಕಾಪಿ ಆದ ಮೇಲೆ ಕ್ಲೋಸ್ ಆಯಿತೇ ಎಂದು ನೋಡಿ. ಪಾಸ್‌ವರ್ಡನ್ನು ಕಮಾಂಡ್‌ನ ಸಾಲಿನೊಳಗೇ ತುರುಕಬೇಡಿ. ಅದು ಟರ್ಮಿನಲ್‌ನ ಹಿಸ್ಟರಿಯಲ್ಲಿ ಉಳಿಯುತ್ತದೆ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಬೀಗ ತೆಗೆಯಲು ಹೋಗದೆ ಮೊದಲು ಅದರ ಪೂರ್ತಿ ನಕಲು ಮಾಡಿಸಿ. ಡಿಡಿರೆಸ್ಕ್ಯೂ ಎಂಬ ಸಾಧನ ಆ ಕೆಲಸಕ್ಕಿದೆ. ಎನ್‌ಕ್ರಿಪ್ಟ್ ಆದ ಹಾಗೆಯೇ ನಕಲು ಮಾಡಬಹುದು, ಪಾಸ್‌ವರ್ಡ್ ಬೇಕಾಗುವುದಿಲ್ಲ. ಆಮೇಲೆ ನಕಲನ್ನು ತೆರೆದುಕೊಳ್ಳಿ.

ಇದನ್ನೆಲ್ಲ ನಿಜವಾದ ಡಿಸ್ಕ್‌ನ ಮೇಲೆ ಕಲಿಯಬೇಕಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಸಿಕ್ಕರೆ ಈ ಅಭ್ಯಾಸವನ್ನು ಓದುಗರಿಗೆ ಕೊಡಿ: ಟ್ರಂಕೇಟ್ ಕಮಾಂಡ್‌ನಿಂದ 100 ಎಂಬಿಯ ಖಾಲಿ ಫೈಲ್ ಮಾಡುವುದು, ಕ್ರಿಪ್ಟ್‌ಸೆಟಪ್ ಲಕ್ಸ್‌ಫಾರ್ಮ್ಯಾಟ್‌ನಿಂದ ಅದಕ್ಕೆ ಬೀಗ ಹಾಕುವುದು, ಓಪನ್ ಮಾಡುವುದು, ಒಳಗೆ ಎಂಕೆಎಫ್‌ಎಸ್ ಡಾಟ್ ಇಎಕ್ಸ್‌ಟಿ4 ಓಡಿಸಿ ಫೈಲ್‌ಸಿಸ್ಟಮ್ ಹಾಕಿ ಮೌಂಟ್ ಮಾಡುವುದು, ನಾಲ್ಕು ಫೋಟೊ ಹಾಕಿ ಮುಚ್ಚಿ ಮತ್ತೆ ತೆರೆಯುವುದು. ಲಕ್ಸ್‌ಫಾರ್ಮ್ಯಾಟ್ ಕೊಟ್ಟಾಗ ಇರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯಿದ್ದರೆ ದೊಡ್ಡ ಅಕ್ಷರದಲ್ಲಿ ‘ಯೆಸ್’ ಎಂದು ಟೈಪ್ ಮಾಡಿ ಎಂದು ಕೇಳುತ್ತದೆ. ಅಲ್ಲಿ ಒಂದು ಉಸಿರು ನಿಂತು, ಮೇಲಿನ ಸಾಲಿನಲ್ಲಿರುವುದು ನಿಮ್ಮ ಅಭ್ಯಾಸದ ಫೈಲ್‌ನ ಹೆಸರೇ, ಅಥವಾ ಯಾವುದಾದರೂ ಡಿಸ್ಕ್‌ನದ್ದೇ ಎಂದು ಓದಿ ನೋಡುವುದನ್ನೂ ಅಭ್ಯಾಸದಲ್ಲಿ ಸೇರಿಸಿ. ಮುಗಿದ ಮೇಲೆ ಆ ಫೈಲ್ ಅಳಿಸಿದರೆ ಆಯಿತು. ಜಾಗ ಕೊಡುವುದಾದರೆ ಕಮಾಂಡ್‌ಗಳನ್ನು ಸರಿಯಾಗಿ ಬರೆದುಕೊಡಲು ನಾನು ತಯಾರಿದ್ದೇನೆ.

ಇಂತಿ,
ಕಂಪ್ಯೂಟರ್ ರಿಪೇರಿ ಮಾಡುವ ನಿಮ್ಮ ಓದುಗ